ಪಕ್ಕದ ಮನೆಯವರು ಯಾಕೆ ಮಾತಾಡಿಸಲ್ಲ?

ಪ್ರಶ್ನೆ: ಮಗಳು ಓದಲು ಜರ್ಮನಿಗೆ ಹೋಗಿದ್ದಾಳೆ. ಪಕ್ಕದ ಮನೆಯವರು ಇವತ್ತಿಗೂ ಮಾತಾಡಿಸಿಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾಳೆ. ನಮ್ಮವರನ್ನು ಕಂಡರೆ ಅವರಿಗೆ ಆಗಲ್ವಾ?
– ಒಬ್ಬ ತಾಯಿ, ಗಂಗಾವತಿ

ಉತ್ತರ: ಅಮ್ಮಾ, ಮಾತಾಡಿಸಲಿಲ್ಲ ಅನ್ನೋದೊಂದಕ್ಕೇ ಹಾಗೆ ಅಂದುಕೊಳ್ಳಬೇಡಿ. ಗಂಗಾವತಿಯಲ್ಲಿ ಹೊಸಬರು ಬಾಡಿಗೆಗೆ ಬಂದರೆ ಓಣಿಯವರೇ ಹೋಗಿ ವಿಚಾರಿಸುತ್ತಾರೆ. ಯಾವೂರು, ಯಾರ ಪೈಕಿ, ಏನು ಕೆಲಸ ಅಂತ ಕೇಳಿ, ನಲ್ಲಿ ನೀರು ಯಾವಾಗ ಬರುತ್ತೆ ಅಂತಲೂ ಹೇಳಿ ಬರುತ್ತಾರೆ. ಜರ್ಮನಿಯಲ್ಲಿ ಇದು ಉಲ್ಟಾ. ಹೊಸದಾಗಿ ಬಂದವರೇ ಪಕ್ಕದ ಮನೆಯ ಬೆಲ್ ಒತ್ತಿ ಹೆಸರು ಹೇಳಿಕೊಳ್ಳುವುದು ಅಲ್ಲಿನ ರೂಢಿ. ಹಾಗಾಗಿ ಅವರು ಬರಲಿ ಅಂತ ಇವಳು, ಇವಳೇ ಬರಲಿ ಅಂತ ಅವರು ಕಾಯುತ್ತಿರಬಹುದು. ಒಂದು ಸಂಜೆ ಹೋಗಿ ಪರಿಚಯ ಮಾಡಿಕೊಳ್ಳಲಿ. ಸಂಬಳ, ಮದುವೆ ವಿಚಾರ ಮಾತ್ರ ಕೇಳುವುದು ಬೇಡ.

ಸದ್ದಿನ ವಿಷಯದಲ್ಲಿ ಅಲ್ಲಿ ಬಹಳ ಕಟ್ಟುನಿಟ್ಟು. ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು. ಭಾನುವಾರ ಇಡೀ ದಿನ ಹಾಗೆಯೇ. ಹಗಲು ಓದಿ, ರಾತ್ರಿ 11ಕ್ಕೆ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯವರು ಬಂದು ನೇರವಾಗಿ ಹೇಳುತ್ತಾರೆ. ಕೇಳಿದವರಿಗೆ ಬೈದ ಹಾಗೆ ಅನ್ನಿಸುತ್ತೆ. ಆದರೆ ಅವರು ತಮ್ಮವರಿಗೂ ಹಾಗೆಯೇ ಹೇಳುವವರು. ಕಸ ತಪ್ಪು ಡಬ್ಬಿಗೆ ಹಾಕಿದರೂ ಇದೇ ಕಥೆ.

ಹಾಗಂತ ತಾರತಮ್ಯವೇ ಇಲ್ಲ ಅನ್ನಲಾರೆ. ಇದೆ. ಹೆಸರು, ಬಣ್ಣ ನೋಡಿ ಬಾಡಿಗೆ ಮನೆ ಕೊಡದವರಿದ್ದಾರೆ. ಅದನ್ನು ಮಗಳು 'ಅವರ ಪದ್ಧತಿ' ಅಂತ ಸಹಿಸಿಕೊಳ್ಳಬೇಕಾಗಿಲ್ಲ. ಜನಾಂಗದ ಕಾರಣಕ್ಕೆ ಕೆಲಸದಲ್ಲಿ, ಬಾಡಿಗೆಯಲ್ಲಿ ಭೇದ ಮಾಡುವುದರ ವಿರುದ್ಧ ಅಲ್ಲಿ 2006ರಿಂದ ಕಾನೂನಿದೆ. ಅಲ್ಲಿನ ಕೇಂದ್ರ ಸರ್ಕಾರದ ತಾರತಮ್ಯ ವಿರೋಧಿ ಕಚೇರಿ ಉಚಿತವಾಗಿ ಸಲಹೆಯನ್ನೂ ಕೊಡುತ್ತದೆ.

ಗೆಳೆತನ ಬೆಳೆಯುವುದು ಓಣಿಯಲ್ಲಿ ಅಲ್ಲ, ಹೆಚ್ಚಾಗಿ ಸಂಘಗಳಲ್ಲಿ. ಆಟ, ಹಾಡು, ತೋಟ, ಎಲ್ಲಕ್ಕೂ ಸಂಘಗಳಿವೆ. ವಾರಕ್ಕೊಮ್ಮೆ ಅದೇ ಮುಖಗಳನ್ನು ನೋಡುತ್ತಾ ಮಾತು ತಾನಾಗಿಯೇ ಶುರುವಾಗುತ್ತೆ. ನಿಧಾನ, ಆದರೆ ಬಿದ್ದ ನಂಟು ಗಟ್ಟಿ.

ಭಾನುವಾರ ತಪ್ಪದೇ ಫೋನ್ ಮಾಡಿ. ಅಂದು ಅಲ್ಲಿ ಬಹುತೇಕ ಅಂಗಡಿಗಳು ಬಂದ್, ಬೀದಿ ಖಾಲಿ. ಒಂಟಿತನ ಜಾಸ್ತಿ ಕಾಡುವುದು ಆಗಲೇ. ಚಳಿಗಾಲದಲ್ಲಿ ನಿಮಗೆ ಸಂಜೆ 7 ಆದಾಗ ಅವಳಿಗೆ ಮಧ್ಯಾಹ್ನ 2:30, ಬೇಸಿಗೆಯಲ್ಲಿ 3:30.