ಆ ವಾರ ಖಾಲಿ ಇರಲಿಲ್ಲ

ಮಂಡಿ ನೋವೆಂದು ಬಂದ ಬ್ಯಾಂಕ್ ಉದ್ಯೋಗಿಯೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ತೆಗೆದು, ತಾವೇ ತಯಾರಿಸಿದ ವ್ಯಾಯಾಮದ ವೇಳಾಪಟ್ಟಿಯನ್ನು ತೋರಿಸಿದರು. ಕೋಷ್ಟಕ ಬಲು ಅಚ್ಚುಕಟ್ಟು. ಬೆಳಿಗ್ಗೆ ಪಿ90ಎಕ್ಸ್, ಸಂಜೆ ಇನ್ಸ್ಯಾನಿಟಿ. ಎರಡೂ ಮನೆಯಲ್ಲೇ ನೋಡಿಕೊಂಡು ಮಾಡುವ ವ್ಯಾಯಾಮ ವಿಡಿಯೋ ಸರಣಿಗಳು, ಎರಡನೆಯದರಲ್ಲಿ ಹಾರಿ ಕುಣಿಯುವುದೇ ಹೆಚ್ಚು. ನಾಲ್ಕನೆಯ ವಾರ ಮಾತ್ರ ಎರಡೂ ಹೊತ್ತು ಇನ್ಸ್ಯಾನಿಟಿ. ಅದೇಕೆ ಎಂದು ಕೇಳಿದೆ.

"ಪಿ90ಎಕ್ಸ್‌ನಲ್ಲಿ ಆ ವಾರ ಖಾಲಿ ಇತ್ತು ಮೇಡಂ."

ಫಿಸಿಯೋಥೆರಪಿಯ ಈ ವೃತ್ತಿಯಲ್ಲಿ 'ಖಾಲಿ' ಎಂಬ ಪದವನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆ ವಾರ ಖಾಲಿ ಇರಲಿಲ್ಲ. ಪಿ90ಎಕ್ಸ್ ಹದಿಮೂರು ವಾರಗಳ ಕ್ರಮ. ಮೂರು ವಾರ ದಂಡ, ಪುಲ್‌ಅಪ್, ಡಂಬೆಲ್ ಎಂದು ದುಡಿಸಿ, ನಾಲ್ಕನೆಯ ವಾರ ಭಾರದ ದಿನಗಳನ್ನು ತೆಗೆದು ಯೋಗ, ಸ್ಟ್ರೆಚಿಂಗ್, ಹೊಟ್ಟೆ–ಬೆನ್ನಿನ ವ್ಯಾಯಾಮಗಳನ್ನು ಇಟ್ಟಿದ್ದಾರೆ. ಎಂಟನೆಯ ವಾರವೂ ಹಾಗೆಯೇ. ಅರವತ್ತು ದಿನಗಳ ಇನ್ಸ್ಯಾನಿಟಿಯಲ್ಲೂ ಮೊದಲ ತಿಂಗಳು ಮುಗಿದು ಎರಡನೆಯದು ಶುರುವಾಗುವ ಮುನ್ನ ಒಂದು ಹಗುರ ವಾರವಿದೆ. ಇವನ್ನು ರೂಪಿಸಿದವರಿಗೆ ಆ ದಿನಗಳಲ್ಲಿ ತುಂಬಲು ಏನೂ ಸಿಗಲಿಲ್ಲವೆಂದೇ? ಭತ್ತ ಕೊಯ್ದ ಗದ್ದೆ ಖಾಲಿಯಾಗಿ ಕಾಣುತ್ತದೆಂದು ಮರುದಿನವೇ ನಾಟಿ ಮಾಡುವವರನ್ನು ನಾನು ಕಂಡಿಲ್ಲ.

ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸ ವ್ಯಾಯಾಮ ಶುರು ಮಾಡಿದ ಎರಡು ಮೂರು ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ. ಮಾಂಸಖಂಡಗಳೂ ಒಗ್ಗಿಕೊಳ್ಳತೊಡಗುತ್ತವೆ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜುವಿಗೆ ರಕ್ತ ಸಂಚಾರ ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ಜೋರಾಗಿ ಹಾರಿ ಕುಣಿದ ಮೇಲೆ ಅದರಲ್ಲಿ ಸವೆತ ಮತ್ತು ದುರಸ್ತಿ ಎರಡೂ ಒಟ್ಟಿಗೆ ಆರಂಭವಾಗುತ್ತವೆ. ಮೊದಲ ಒಂದು, ಒಂದೂವರೆ ದಿನ ತಕ್ಕಡಿ ಸವೆತದ ಕಡೆಗೇ ವಾಲಿರುತ್ತದೆ. ದುರಸ್ತಿಯ ಕೈ ಮೇಲಾಗುವುದು ಆಮೇಲೆ. ಅಷ್ಟರೊಳಗೆ ಮತ್ತೆ ಹಾರಿದರೆ ಲೆಕ್ಕ ಸಾಲದಲ್ಲೇ ಉಳಿಯುತ್ತದೆ. ಉಸಿರು ಸಲೀಸಾಯಿತೆಂದು ಮಂಡಿಚಿಪ್ಪಿನ ಕೆಳಗಿನ ರಜ್ಜುವೂ ಸಿದ್ಧವಾಗಿದೆ ಎಂದುಕೊಳ್ಳಬಾರದು. ನಮ್ಮ ಬ್ಯಾಂಕಿನವರಿಗೆ ನೋವಿದ್ದದ್ದು ಅಲ್ಲಿಯೇ, ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿ. ಮೂರನೆಯ ಮಹಡಿಯ ಫ್ಲ್ಯಾಟಿನ ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಹಾರುತ್ತಿದ್ದರಂತೆ. ಅವರ ಮಂಡಿ ನನ್ನ ಬಳಿಗೆ ಬರುವ ಮೊದಲೇ ಕೆಳಗಿನ ಮನೆಯವರು ಮೇಲೆ ಹೋಗಿ ಬಂದಿದ್ದರು.

ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರು ಸಾಮಾನ್ಯವಾಗಿ ಕ್ಯಾಲೊರಿಯ ಅಂಕಿ ಹಿಡಿದುಕೊಂಡು ಬರುತ್ತಾರೆ. ಪರದೆಯ ಮೇಲಿನ ಆ ಅಂಕಿ ನಿಮ್ಮದಲ್ಲ, ಬಿಡಿ. ಹೋಲಿಸಬೇಕಾದದ್ದು ಚಲನೆಗಳನ್ನು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ವಿಡಿಯೋದ ಹೆಸರನ್ನು ಬರೆಯಬೇಡಿ. ನೆಲವನ್ನು ತಳ್ಳಿದ ದಿನ 'ತ', ನಿಮ್ಮತ್ತ ಏನನ್ನಾದರೂ ಎಳೆದ ದಿನ 'ಎ', ಬಸ್ಕಿ ಹೊಡೆದ ದಿನ 'ಬ', ಹಾರಿದ ದಿನ 'ಹಾ' ಎಂದು ಬರೆಯಿರಿ. ಒಂದು ವಾರದಲ್ಲಿ ಬಣ್ಣ ಬಯಲಾಗುತ್ತದೆ. ಇನ್ಸ್ಯಾನಿಟಿ, 30 ಡೇ ಶ್ರೆಡ್ ಎಂಬ ಮೂವತ್ತು ದಿನಗಳ ವಿಡಿಯೋ, ಸಂಜೆಯ ಜುಂಬಾ ನೃತ್ಯ ಎಂದು ಮೂರು ಹೆಸರಿದ್ದರೂ ಕ್ಯಾಲೆಂಡರಿನಲ್ಲಿ ಕಾಣುವುದು ಸಾಲಾಗಿ ಏಳು 'ಹಾ'. ಅದರಲ್ಲೂ 30 ಡೇ ಶ್ರೆಡ್‌ನಲ್ಲಿ ರಜೆಯ ದಿನವೇ ಇಲ್ಲ. ಇಪ್ಪತ್ತು ಚಿಲ್ಲರೆ ನಿಮಿಷದ್ದಾದ್ದರಿಂದ ಒಂಟಿಯಾಗಿ ಮಾಡಿದರೆ ಅನೇಕರಿಗೆ ನಡೆಯುತ್ತದೆ, ಜೊತೆಗೆ ಇನ್ನೊಂದು ಸೇರಿದಾಗಲೇ ತೊಂದರೆ.

ಇನ್ನೊಂದು ಅಕ್ಷರ ಕ್ಯಾಲೆಂಡರಿನಲ್ಲಿ ಬಹುತೇಕ ಕಾಣಿಸುವುದೇ ಇಲ್ಲ: 'ಎ'. ಚಾಪೆಯೊಂದಿದ್ದರೆ ಸಾಕು ಎನ್ನುವ ವಿಡಿಯೋಗಳಲ್ಲಿ ಎಳೆಯಲು ಏನೂ ಇರುವುದಿಲ್ಲ. ದಂಡ, ಪ್ಲ್ಯಾಂಕ್ (ದಂಡದ ಭಂಗಿಯಲ್ಲಿ ಅಲುಗಾಡದೆ ಇರುವುದು), ಬರ್ಪಿ (ನೆಲಕ್ಕೆ ಕೈಯೂರಿ, ಎದ್ದು ಹಾರುವುದು) ಎಲ್ಲವೂ ತಳ್ಳುವಿಕೆಯೇ, ಎಲ್ಲದರ ಭಾರವೂ ಮಣಿಕಟ್ಟು ಮತ್ತು ಭುಜದ ಮೇಲೆಯೇ. ಅಂಥ ಎರಡನ್ನು ಸೇರಿಸಿದರೆ ತಳ್ಳುವುದು ಇಮ್ಮಡಿ, ಎಳೆಯುವುದು ಸೊನ್ನೆ. ಬಾವಿಯಿಂದ ನೀರು ಸೇದುತ್ತಿದ್ದ ನನ್ನ ಅಜ್ಜಿಗೆ ಈ ಕೊರತೆ ಇರಲಿಲ್ಲ. (ಅವರಿಗೆ ಬೇರೆ ಕಡೆ ನೋವಿತ್ತು, ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ.) ಸಂಪು–ಮೋಟರಿನ ಮನೆಯಲ್ಲಿರುವವರು ಒಂದು ಎಲಾಸ್ಟಿಕ್ ಬ್ಯಾಂಡ್ ಕೊಂಡುಕೊಂಡರಾಯಿತು. ಈ ಒಂದು ವಿಷಯದಲ್ಲಿ ಪಿ90ಎಕ್ಸ್ ನನಗೆ ಮೆಚ್ಚುಗೆ, ಅದು ಎಳೆಯುವುದಕ್ಕೆಂದು ಪ್ರತ್ಯೇಕ ಜಾಗ ಕೊಟ್ಟಿದೆ.

ಇಲ್ಲಿ ಮೈಸೂರಿನಲ್ಲಿ ರಥಸಪ್ತಮಿ ಕಳೆದ ವಾರ ನನಗೆ ಭುಜಗಳ ಸುಗ್ಗಿ. ಅಂದು ಮಾಡುವ ನೂರೆಂಟು ಸೂರ್ಯನಮಸ್ಕಾರ ಎಂದರೆ ನೂರೆಂಟು ಸಲ ತೋಳಿನ ಮೇಲೆ ದೇಹವನ್ನು ಇಳಿಸುವುದು, ಇನ್ನೂರ ಹದಿನಾರು ಸಲ ಮುಂದಕ್ಕೆ ಬಾಗುವುದು. ವರ್ಷವಿಡೀ ಅಭ್ಯಾಸ ಮಾಡಿದವರು ನಗುತ್ತಾ ಮುಗಿಸುತ್ತಾರೆ. ನನ್ನ ಬಳಿ ಬರುವವರು ಹಿಂದಿನ ದಿನ ದಂಡದ ವಿಡಿಯೋ ಮಾಡಿ, "ಯೋಗ ತಾನೇ, ಅದು ವಿಶ್ರಾಂತಿ" ಎಂದುಕೊಂಡು ಚಾಪೆ ಹಿಡಿದು ಹೊರಟವರು. ಒಬ್ಬ ಮೇಷ್ಟ್ರಿಗೆ ಮರುದಿನ ಕರಿಹಲಗೆಯ ಮೇಲೆ ಬರೆಯಲು ಕೈ ಎತ್ತಲಾಗಲಿಲ್ಲ. ಮಕ್ಕಳು ಬಹಳ ಖುಷಿಪಟ್ಟರಂತೆ.

ಹಾಗಾದರೆ ಎರಡನ್ನು ಸೇರಿಸಲೇಬಾರದೇ? ಸೇರಿಸಬಹುದು, ಆದರೆ ಒಂದನ್ನು ತೆಗೆದು ಆ ಜಾಗದಲ್ಲಿ ಇನ್ನೊಂದನ್ನು ಇಡಬೇಕು. ಸಾರಿಗೆ ಹುಣಸೆಹುಳಿ ಹಿಂಡಿದ ದಿನ ಟೊಮೆಟೊ ಕಡಿಮೆ ಮಾಡುತ್ತೀರಲ್ಲ, ಹಾಗೆ. ಪಿ90ಎಕ್ಸ್‌ನ ಹಾರುವ ದಿನವನ್ನು ತೆಗೆದು ಅಲ್ಲಿ ಇನ್ಸ್ಯಾನಿಟಿಯ ಒಂದು ದಿನ ಇಡಿ. ಹಾರಿದ ಎರಡು ದಿನಗಳ ನಡುವೆ ಕನಿಷ್ಠ 48 ಗಂಟೆ ಬಿಡಿ. ಹಗುರ ವಾರವನ್ನು ಹಗುರವಾಗಿಯೇ ಬಿಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ವಾರಕ್ಕೆ 75ರಿಂದ 150 ನಿಮಿಷ ತೀವ್ರ ವ್ಯಾಯಾಮ ಅಥವಾ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಬಲವರ್ಧನೆ. ನಮ್ಮ ಬ್ಯಾಂಕಿನವರು ಮಾಡುತ್ತಿದ್ದದ್ದು ವಾರಕ್ಕೆ ಹತ್ತು ಗಂಟೆ.

ಇದು ಸಾಮಾನ್ಯ ಆರೋಗ್ಯವಂತರಿಗೆ ಹೇಳಿದ ಮಾತು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮತ್ತು ಬಾಣಂತಿಯರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ವಿಪರೀತ ವ್ಯಾಯಾಮದ ಬಳಿಕ ಮೈಕೈ ತೀವ್ರವಾಗಿ ನೋಯುತ್ತಾ ಮೂತ್ರ ಕೋಲಾದ ಬಣ್ಣಕ್ಕೆ ತಿರುಗಿದರೆ ನನ್ನ ಬಳಿಗಲ್ಲ, ನೇರವಾಗಿ ಆಸ್ಪತ್ರೆಗೆ ಹೋಗಿ.

ಬ್ಯಾಂಕಿನವರು ಮೊನ್ನೆ ಮತ್ತೆ ಬಂದಿದ್ದರು. ಮಂಡಿ ಬಹಳಷ್ಟು ಸುಧಾರಿಸಿದೆ, ಮೆಟ್ಟಿಲಿಳಿಯುವಾಗ ಹಿಡಿಯುತ್ತಿದ್ದ ನೋವಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತು ಮೊಬೈಲ್ ತೆಗೆದರು. "ಮೇಡಂ, ಇದೊಂದು 21 ದಿನದ್ದಿದೆ, ಬರೀ ಹದಿನೈದು ನಿಮಿಷ."

"ಯಾವುದನ್ನು ತೆಗೆದು ಇದನ್ನು ಹಾಕುತ್ತೀರಿ ಸರ್?" ಎಂದೆ.

ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, ಮೊಬೈಲನ್ನು ಜೇಬಿಗೆ ಹಾಕಿಕೊಂಡರು.