ಇಪ್ಪತ್ತೊಂದು ದಿನದ ನೋಟ್‌ಬುಕ್: ಸ್ವಸಹಾಯ, ಸಂತೋಷ ಮತ್ತು ಅದರ ವ್ಯಾಪಾರ

ಭಾನುವಾರ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು, ಸಂತೋಷ ಕಲಿಸುತ್ತೇವೆ ಅನ್ನುವ ಶಿಬಿರಗಳ ಬಗ್ಗೆ ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೇಳಿದ್ದಿರಿ. ಬರೆದಿದ್ದೇನೆ. ಸಮಾಜಶಾಸ್ತ್ರದ ಪರೀಕ್ಷೆಗೆ ಓದುವವರಿಗೆ ಹೆಸರು, ಇಸವಿ ಎಲ್ಲ ಇದರಲ್ಲಿ ಸಿಗುತ್ತವೆ. ಆದರೆ ಶುರು ಮಾಡುವುದು ಒಂದು ನೋಟ್‌ಬುಕ್‌ನಿಂದ.

ಅದು ನನ್ನ ಚಿಕ್ಕಪ್ಪನ ಮಗನದು. ಮಂಡ್ಯ ಹತ್ತಿರ ನಮ್ಮೂರಲ್ಲೇ ಇದ್ದಾನೆ. ಡಿಪ್ಲೊಮಾ ಮುಗಿದು ಎರಡು ವರ್ಷ ಆಯಿತು, ಸರಿಯಾದ ಕೆಲಸ ಇಲ್ಲ. ಇನ್ನೂರು ಪುಟದ ಪುಸ್ತಕ, ಪುಟದ ತುಂಬ ಒಂದೇ ಸಾಲು: 'ನಾನು ಶ್ರೀಮಂತ, ನಾನು ಸಂತೋಷವಾಗಿದ್ದೇನೆ.' ದಿನಕ್ಕೆ 21 ಸಲ, ಹೀಗೆ 21 ದಿನ. ಒಂದು ದಿನ ತಪ್ಪಿದರೂ ಮತ್ತೆ ಮೊದಲಿಂದ. ಮೊದಲ ದಿನದ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಹದಿನೇಳನೇ ದಿನಕ್ಕೆ ಬರುವಷ್ಟರಲ್ಲಿ 'ಶ್ರೀಮಂತ' ಅನ್ನುವುದು ಬರೀ ಒಂದು ಗೀಟು. ಅಲ್ಲಿಗೆ ನಿಂತಿದೆ. ಅದಾದ ಮೇಲಿನ ಪುಟಗಳಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕ.

ಕಲ್ಯಾಣ ಮಂಟಪವೊಂದರಲ್ಲಿ ನಡೆದ ಶಿಬಿರಕ್ಕೆ 1,500 ರೂಪಾಯಿ ಕಟ್ಟಿ ಅವನು ಕಲಿತು ಬಂದದ್ದು ಇದು. ಏನೂ ಆಗಲಿಲ್ಲ ಅಂತ ಫೋನ್ ಮಾಡಿದ್ದಕ್ಕೆ, 'ನಿಮ್ಮ ನಂಬಿಕೆ ಸಾಲಲಿಲ್ಲ, ಎರಡನೇ ಹಂತಕ್ಕೆ ಬನ್ನಿ' ಅಂದರಂತೆ. ಎರಡನೇ ಹಂತಕ್ಕೆ 6,000.

ಆ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿ. ಫಲ ಸಿಕ್ಕರೆ ವಿಧಾನದ ಮಹಿಮೆ, ಸಿಗದಿದ್ದರೆ ನಿಮ್ಮ ತಪ್ಪು. ಗೊಬ್ಬರದ ಅಂಗಡಿಯವನು 'ಬೆಳೆ ಬರಲಿಲ್ಲವಾ? ನೀವು ಗೊಬ್ಬರವನ್ನು ಮನಸಾರೆ ನಂಬಲಿಲ್ಲ' ಅಂದರೆ ನಮ್ಮೂರಲ್ಲಿ ಸುಮ್ನೆ ಬಿಡ್ತಾರಾ? ಇಲ್ಲಿ ಮಾತ್ರ ಬಿಡುತ್ತಾರೆ. ಸೋತವನೇ ಮತ್ತೆ ಗಿರಾಕಿ.

ಈ 21 ಎಲ್ಲಿಂದ ಬಂತು? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ 1960ರ ತಮ್ಮ ಪುಸ್ತಕದಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕಡಿಮೆ ಅಂದರೂ' ಉದುರಿತು, 'ಸುಮಾರು' ಕೂಡ ಉದುರಿತು. ಮುಖದ ಮಾತು ಬದುಕಿನ ಮಾತಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು ಇದನ್ನು ನಿಜವಾಗಿ ಅಳೆದು ನೋಡಿದರು. 2010ರಲ್ಲಿ ಪ್ರಕಟವಾದ ಅಧ್ಯಯನ ಅದು. 96 ಜನ, 12 ವಾರ, ತಿನ್ನುವುದು, ಕುಡಿಯುವುದು, ಓಡಾಡುವುದರಲ್ಲಿ ಯಾವುದಾದರೂ ಒಂದು ಹೊಸ ರೂಢಿ. ಅದು ತಾನಾಗಿ ಆಗುವ ಮಟ್ಟಕ್ಕೆ ಬರಲು ಒಬ್ಬೊಬ್ಬರಿಗೆ ಒಂದೊಂದು ಥರ: 18 ದಿನದಿಂದ 254 ದಿನದವರೆಗೆ, ನಡುವಿನ ಅಂಕಿ 66. (12 ವಾರದಲ್ಲಿ 254 ದಿನ ಹೇಗೆ ಅಂತ ಕೇಳುವವರು ಜಾಣರು. ಅದು ಲೆಕ್ಕದಿಂದ ಅಂದಾಜು ಮಾಡಿದ್ದು.) ಇನ್ನೊಂದು ವಿಷಯವೂ ಗೊತ್ತಾಯಿತು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಇಲ್ಲ. ಅಂದರೆ ನಮ್ಮ ಹುಡುಗನನ್ನು ಕಾಡಿದ 'ಮತ್ತೆ ಮೊದಲಿಂದ' ಅನ್ನುವ ನಿಯಮಕ್ಕೆ ಬುಡವೇ ಇಲ್ಲ.

ಹೋಗಲಿ, ಬರೆದರೆ ಕೊನೇಪಕ್ಷ ಮನಸ್ಸಿಗೆ ಹಿತ ಆಗುತ್ತದೆ ಅಲ್ವಾ? ಕೆನಡಾದ ಮನಶ್ಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಕೇಳಿದರು. ತಮ್ಮ ಬಗ್ಗೆ ತಮಗೇ ಒಳ್ಳೆಯ ಅಭಿಪ್ರಾಯ ಇಲ್ಲದವರಿಂದ 'ನಾನು ಪ್ರೀತಿಗೆ ತಕ್ಕವಳು' ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಸಿದರೆ, ಹೇಳದೆ ಇದ್ದವರಿಗಿಂತ ಅವರ ಮನಸ್ಸು ಜಾಸ್ತಿ ಕುಗ್ಗಿತು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಮಾತ್ರ ತುಸು ಲಾಭ. ಔಷಧಿ ಬೇಕಾದವನಿಗೆ ಇನ್ನಷ್ಟು ನೋವು, ಬೇಡದವನಿಗೆ ಒಂಚೂರು ಹಿತ. 'ನಾನು ಶ್ರೀಮಂತ' ಅಂತ ಬರೆಯುವಾಗಲೆಲ್ಲ ಜೇಬಿನ ನೆನಪೂ ಬರುತ್ತದಲ್ಲ.

ಈಗ ಇತಿಹಾಸ. ಮಂಡ್ಯದಲ್ಲಿ 'ಸ್ವಸಹಾಯ' ಅಂದರೆ ಯಾರಿಗೂ ಶಿಬಿರ ನೆನಪಾಗುವುದಿಲ್ಲ. ವಾರಕ್ಕೊಮ್ಮೆ ಜಗಲಿ ಮೇಲೆ ಸೇರಿ ಉಳಿತಾಯ ಕಟ್ಟುವ ಹೆಂಗಸರ ಸಂಘ ನೆನಪಾಗುತ್ತದೆ. ಶಿಬಿರದ ಸರಕಿಗೆ ನಮ್ಮ ಪುಸ್ತಕದಂಗಡಿಗಳಲ್ಲಿ 'ವ್ಯಕ್ತಿತ್ವ ವಿಕಸನ' ಅಂತ ಬೇರೆಯೇ ಕಪಾಟಿದೆ. ಅದೃಷ್ಟಕ್ಕೆ ಕನ್ನಡ ಇವೆರಡನ್ನೂ ಬೇರೆ ಬೇರೆ ಇಟ್ಟಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ 'ಸೆಲ್ಫ್ ಹೆಲ್ಪ್' ಅನ್ನುತ್ತಾರೆ. ಈ ಮಾತನ್ನು ಮನೆಮಾತು ಮಾಡಿದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಅದೇ ಹೆಸರಿನಲ್ಲಿ ಬರೆದ ಪುಸ್ತಕ, 1859. ಆತ ಸ್ಕಾಟ್ಲೆಂಡಿನವರು, ಓದಿದ್ದು ವೈದ್ಯಕೀಯ. ಆ ಪುಸ್ತಕದ ಬೇರು 1845ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ದುಡಿಯುವ ಹುಡುಗರಿಗೆ ಕೊಟ್ಟ ಭಾಷಣದಲ್ಲಿದೆ. ಆ ಹುಡುಗರು ರಾತ್ರಿ ಹೊತ್ತು ಸೇರಿ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಓದು, ಲೆಕ್ಕ ಹೇಳಿಕೊಡುತ್ತಿದ್ದರು. ಗುಂಪು ದೊಡ್ಡದಾದಾಗ ಅವರು ಹಿಡಿದ ಜಾಗ, ಹಿಂದೆ ಕಾಲರಾ ರೋಗಿಗಳನ್ನು ಇಟ್ಟಿದ್ದ ಕೋಣೆ. ಅಂದರೆ ಹುಟ್ಟಿದಾಗ ಇದು ನಮ್ಮ ಸಂಘದ ಅಕ್ಕಂದಿರ ಥರದ್ದೇ ಆಗಿತ್ತು. ಪುಸ್ತಕದಲ್ಲಿ ಮಾತ್ರ ಗುಂಪು ಹಿಂದೆ ಸರಿಯಿತು, ಕಷ್ಟಪಟ್ಟು ಮೇಲೆ ಬಂದ ಒಬ್ಬೊಬ್ಬರ ಕಥೆ ಮುಂದೆ ಬಂತು.

ಆ ಪುಸ್ತಕ ಬಂದು ಸರಿಯಾಗಿ ನೂರು ವರ್ಷಕ್ಕೆ, 1959ರಲ್ಲಿ, ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ಬೇರೆಯೇ ಮಾತು ಹೇಳಿದರು. 59 ಎರಡು ಸಲ, ನೆನಪಿಡಲು ಸುಲಭ. ಒಂದು ಲಕ್ಷ ಜನರ ಊರಿನಲ್ಲಿ ಒಬ್ಬನಿಗೆ ಕೆಲಸ ಇಲ್ಲ ಅಂದರೆ ಅದು ಅವನ ತೊಂದರೆ, ಅವನ ಗುಣವನ್ನೋ ಕೌಶಲವನ್ನೋ ನೋಡಿ. ಐದು ಕೋಟಿ ದುಡಿಯುವವರ ದೇಶದಲ್ಲಿ ಒಂದೂವರೆ ಕೋಟಿ ಜನಕ್ಕೆ ಕೆಲಸ ಇಲ್ಲ ಅಂದರೆ ಅದು ಸಾರ್ವಜನಿಕ ಸಮಸ್ಯೆ. ಶಿಬಿರದವರು ಮಾಡುವುದು ಇದರ ಉಲ್ಟಾ. ಎರಡನೆಯದನ್ನು ತಂದು ಮೊದಲನೆಯದರ ಡಬ್ಬಿಗೆ ತುಂಬುತ್ತಾರೆ.

ಇದನ್ನೆಲ್ಲ ಹೇಳಿದಾಗ ನಮ್ಮ ಹುಡುಗ ಕೇಳಿದ್ದು, 'ಹಂಗಾರೆ ಸುಮ್ಕೆ ಕೂತ್ಕೊಳ್ಲಾ, ಅಣ್ಣ?' ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಮಂಡ್ಯದಲ್ಲೇ ಇದೆ, ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ವಿಯೆನ್ನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ನಡುವೆ ಮಂಡ್ಯ ಸುತ್ತಿನ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಪುಸ್ತಕ ಬಂದದ್ದು 1962ರಲ್ಲಿ. ಅವರ ಬರಹದಲ್ಲಿ ಆ ಹಳ್ಳಿಗಳ ಹೆಸರು ವಂಗಲ, ದಲೇನ. ವಂಗಲಕ್ಕೆ ನಾಲೆ ನೀರು ಹತ್ತಿತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿತ್ತು, ಹತ್ತಲಿಲ್ಲ. ವಂಗಲದವರು ಭತ್ತ, ಕಬ್ಬು ಬೆಳೆದು ಅನುಕೂಲವಾದರು, ಹಳೆಯ ಪದ್ಧತಿಗಳೂ ಹೆಚ್ಚು ಅಲುಗಾಡಲಿಲ್ಲ. ದಲೇನದವರು ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಮಿಲ್ ಹಾಕಿದರು, ವ್ಯಾಪಾರಕ್ಕೆ ಇಳಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಊರೊಳಗಿನ ಸಂಬಂಧಗಳೂ ಜಾಸ್ತಿ ಬದಲಾದವು.

ಶಿಬಿರದ ಭಾಷಣಕಾರನ ಕೈಗೆ ಈ ಕಥೆ ಸಿಕ್ಕರೆ ಏನು ಮಾಡುತ್ತಾನೆ ಗೊತ್ತಲ್ಲ: 'ನೋಡಿ, ದಲೇನದವರ ಮನೋಭಾವ!' ಅವರು ಬೆವರು ಸುರಿಸಿದ್ದು ನಿಜ. ಆದರೆ ಹೋಗಲು ಒಂದು ಮಂಡ್ಯ ಇತ್ತು, ಅಲ್ಲಿ 1933ರಿಂದ ಸಕ್ಕರೆ ಕಾರ್ಖಾನೆ ಇತ್ತು, 1939ರಿಂದ ಜಿಲ್ಲಾ ಕೇಂದ್ರದ ಕಚೇರಿಗಳಿದ್ದವು, ಸುತ್ತಲಿನ ಊರುಗಳಲ್ಲಿ ಕಬ್ಬಿನ ಹಣ ಓಡಾಡುತ್ತಿತ್ತು. ಇದ್ಯಾವುದೂ ಇಲ್ಲದ ಕಡೆ ಅದೇ ಜನರನ್ನು ಇಟ್ಟು ನೋಡಿ. ನಮ್ಮ ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ: ಕೂತ್ಕೋಬೇಡ, ಆದರೆ ಎಲ್ಲಿ ಕೆಲಸ ಇದೆ ಅಂತ ಹುಡುಕುವುದಕ್ಕೆ ಆ 6,000 ಖರ್ಚು ಮಾಡು.

ಕೊನೆಗೆ ಸಂತೋಷದ ಅಳತೆ. ಪರೀಕ್ಷೆಯಲ್ಲಿ ಇಲ್ಲಿ ಎಡವುವವರು ಬಹಳ. 'ಜಗತ್ತಿನ ಸಂತೋಷದ ವರದಿ' 2012ರಿಂದ ಬರುತ್ತಿದೆ, 2018ರಿಂದ 2025ರವರೆಗೆ ಫಿನ್‌ಲ್ಯಾಂಡೇ ಮೊದಲು. ಆದರೆ ಅಲ್ಲಿ 'ನಗುನಗುತ್ತಾ ಇದ್ದೀರಾ' ಅಂತ ಕೇಳಿ ಪಟ್ಟಿ ಮಾಡುವುದಿಲ್ಲ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಒಂದು ಏಣಿ, ತುದಿಯಲ್ಲಿ ನಿಮಗೆ ಸಾಧ್ಯವಾದ ಅತಿ ಒಳ್ಳೆಯ ಬದುಕು, ಈಗ ಎಷ್ಟನೇ ಮೆಟ್ಟಿಲಲ್ಲಿದ್ದೀರಿ? ಇದು ಖುಷಿಯ ಅಳತೆ ಅಲ್ಲ, ತೃಪ್ತಿಯದು. ಲಾಟರಿ ಗೆದ್ದವರು ಸಂತೋಷವಾಗಿದ್ದಾರಾ ಅಂತ ನೋಡಿದ ಅಧ್ಯಯನಗಳನ್ನೂ ಹೀಗೇ ಬಿಡಿಸಿ ಓದಿ. 1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಿಕ್‌ಮನ್ ಅವರ ತಂಡ ಬರೀ 22 ವಿಜೇತರನ್ನು ಮಾತಾಡಿಸಿ, ಅವರು ಉಳಿದವರಿಗಿಂತ ಅಷ್ಟೇನೂ ಸಂತೋಷವಾಗಿಲ್ಲ ಅಂದಿತು. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಗೆದ್ದವರ ಬದುಕಿನ ತೃಪ್ತಿ ಹತ್ತು ವರ್ಷ ದಾಟಿದರೂ ಮೇಲೆಯೇ ಇತ್ತು, ಖುಷಿಯ ಮೇಲೆ ಮಾತ್ರ ಪರಿಣಾಮ ಕಡಿಮೆ.

ಊರಿಗೆ ಹೋದಾಗ ಈ ಏಣಿ ಪ್ರಶ್ನೆಯನ್ನು ಅಜ್ಜಿಗೂ ಕೇಳಿದೆ. 'ಏಣಿ ಹತ್ತೋ ವಯಸ್ಸೇನ್ಲಾ ನಂದು?' ಅಂದರು. ಬಿಡಿಸಿ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಸ್ವಲ್ಪ ಹೊತ್ತು ಯೋಚನೆ ಮಾಡಿ, ನನ್ನನ್ನೇ ಕೇಳಿದರು: 'ನಾಲೇಗ್ ನೀರ್ ಬುಟ್ಟವ್ರಾ?'