ಒಂದೇ ರಾಗ, ಎರಡು ಹಾಡು: ಬ್ರೆಜಿಲಿಗೆ ಬಂದ ‘ಸೈಲೆಂಟ್ ನೈಟ್’

ಡಿಸೆಂಬರ್ ಬಂತೆಂದರೆ ಬ್ರೆಜಿಲಿನಲ್ಲೂ ‘ಸೈಲೆಂಟ್ ನೈಟ್’ ಎಂಬ ಕ್ರಿಸ್ಮಸ್ ಹಾಡಿನ ರಾಗ ಎಲ್ಲ ಕಡೆ ಕೇಳುತ್ತದೆ. ಆದರೆ ಮಾತು ಒಂದೇ ಅಲ್ಲ. ಕ್ಯಾಥೊಲಿಕ್ ಚರ್ಚಿನಲ್ಲಿ, ರೇಡಿಯೋದಲ್ಲಿ ‘ನೊಯ್ಚಿ ಫೆಲಿಸ್’, ಅಂದರೆ ಸಂತೋಷದ ರಾತ್ರಿ. ಪ್ರೊಟೆಸ್ಟಂಟರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಹಾಡುಪುಸ್ತಕ ತೆರೆದರೆ ಅದೇ ರಾಗಕ್ಕೆ ‘ನೊಯ್ಚಿ ಜಿ ಪಾಸ್’, ಶಾಂತಿಯ ರಾತ್ರಿ. ಎರಡೂ ಪೋರ್ಚುಗೀಸೇ. ಯಾವುದು ಸರಿ, ಬರೆದವರು ಯಾರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹೆಸರಿನ ಗೋಜಲು ಮೂಲದಲ್ಲೇ ಶುರುವಾಗಿತ್ತು. ಆಸ್ಟ್ರಿಯಾದ ಯೋಸೆಫ್ ಮೋರ್ ಎಂಬ ಪಾದ್ರಿ 1816ರಲ್ಲಿ ಕವಿತೆ ಬರೆದರು. 1818ರ ಕ್ರಿಸ್ಮಸ್ ಹಿಂದಿನ ದಿನ ಶಾಲಾಮೇಷ್ಟ್ರು ಫ್ರಾನ್ಸ್ ಕ್ಸಾವರ್ ಗ್ರೂಬರ್ ರಾಗ ಹಾಕಿದರು. ಅವತ್ತು ರಾತ್ರಿ ಓಬರ್ನ್‌ಡಾರ್ಫ್ ಊರಿನ ಚರ್ಚಿನಲ್ಲಿ ಇಬ್ಬರೂ ಗಿಟಾರ್ ಜೊತೆ ಹಾಡಿದರು. ಆಮೇಲೆ ಊರೂರು ತಿರುಗುವ, ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಹಾಡುಗಾರ ಕುಟುಂಬಗಳು ಅದನ್ನು ಜರ್ಮನಿಗೆ, ಅಮೆರಿಕಕ್ಕೆ ಒಯ್ದವು. ಅಷ್ಟರಲ್ಲಿ ಹೆಸರು ಕಳಚಿಬಿದ್ದಿತ್ತು. ಜಾನಪದ ಹಾಡು ಅಂದರು, ಸಂಗೀತಕಾರ ಮೈಕಲ್ ಹೈಡನ್‌ದು ಅಂದರು. 1854ರಲ್ಲಿ ಬರ್ಲಿನ್ ಆಸ್ಥಾನದವರು ವಿಚಾರಿಸಿದಾಗ ಗ್ರೂಬರ್ ತಾವೇ ಕೂತು ಹಾಡು ಹುಟ್ಟಿದ ಬಗೆ ಬರೆದುಕೊಟ್ಟರು. ಮೋರ್ ಆಗಲೇ ತೀರಿಹೋಗಿದ್ದರು. ಮೋರ್ ಕೈಬರಹದ ಪ್ರತಿ ಸಿಕ್ಕಿದ್ದು 1995ರಲ್ಲಿ!

ಇನ್ನು ಬ್ರೆಜಿಲ್. 1824ರ ಸಂವಿಧಾನದ ಪ್ರಕಾರ ಕ್ಯಾಥೊಲಿಕ್ ಧರ್ಮವೇ ರಾಜ್ಯದ ಧರ್ಮ. ಬೇರೆಯವರು ಪ್ರಾರ್ಥನೆ ಮಾಡಬಹುದಿತ್ತು, ಆದರೆ ಹೊರಗಿನಿಂದ ನೋಡಿದರೆ ದೇವಾಲಯ ಅಂತ ಕಾಣದ ಕಟ್ಟಡದಲ್ಲಿ. ಗೋಪುರ ಕಟ್ಟದೆ ಇರಬಹುದು, ಸರಿ. ಹಾಡಿದ್ದು ಕಿಟಕಿಯಾಚೆ ಹೋಗದಂತೆ ತಡೆಯುವುದು ಹೇಗೆ?

ಈ ಪರಿಸ್ಥಿತಿಯಲ್ಲಿ 1855ರಲ್ಲಿ ಸ್ಕಾಟ್ಲೆಂಡಿನ ವೈದ್ಯ, ಪ್ರೊಟೆಸ್ಟಂಟ್ ಮಿಷನರಿ ರಾಬರ್ಟ್ ಕಾಲಿ ಮತ್ತು ಅವರ ಇಂಗ್ಲಿಷ್ ಹೆಂಡತಿ ಸಾರಾ ಬಂದಿಳಿದರು. ರಾಬರ್ಟ್‌ಗೆ ಪೋರ್ಚುಗೀಸ್ ಹೊಸದಲ್ಲ. ಮೊದಲು ಪೋರ್ಚುಗಲ್ಲಿನ ಮಡೇರಾ ದ್ವೀಪದಲ್ಲಿ ಆಸ್ಪತ್ರೆ, ಶಾಲೆ ನಡೆಸಿ, 1846ರಲ್ಲಿ ಜನ ತಿರುಗಿಬಿದ್ದಾಗ ವೇಷ ಮರೆಸಿಕೊಂಡು ಹಡಗು ಹತ್ತಿದವರು. ಅವರ ಹಿಂದೆಯೇ ಊರುಬಿಟ್ಟ ಮಡೇರಾದ ಕೆಲವರು ಅಮೆರಿಕದ ಇಲಿನಾಯ್‌ನಿಂದ ರಿಯೊ ಡಿ ಜನೈರೊಗೆ ಬಂದು ಜೊತೆಯಾದರು. ಹೀಗಾಗಿ ಕಾಲಿ ದಂಪತಿಯ ಪ್ರಾರ್ಥನೆಯಲ್ಲಿ ಪೋರ್ಚುಗೀಸ್ ಹುಟ್ಟುಭಾಷೆಯವರ ಕಿವಿಯೂ ಇತ್ತು. ಇದನ್ನು ಮರೆತು ಎಲ್ಲವನ್ನೂ ವಿದೇಶಿ ದಂಪತಿಯ ಲೆಕ್ಕಕ್ಕೆ ಬರೆಯುವುದು ಅಷ್ಟು ಸರಿ ಕಾಣುವುದಿಲ್ಲ.

ಸಂಗೀತ ಬಲ್ಲವರು ಸಾರಾ. ಮಕ್ಕಳಿಗೆ ಭಾನುವಾರದ ಪಾಠ ಹೇಳಿದರು, ಹಾಡು ಕಲಿಸಿದರು, ಗಂಡನ ಜೊತೆ ಕೂತು ಅನುವಾದಿಸಿದರು, ತಾವೂ ಬರೆದರು. 1861ರ ನವೆಂಬರಿನಲ್ಲಿ ಅವರ ಚರ್ಚು 50 ಹಾಡುಗಳ ಪುಟ್ಟ ಪುಸ್ತಕವೊಂದನ್ನು ಬಳಸಲು ಶುರುಮಾಡಿತು. ಹೆಸರು ‘ಸಾಲ್ಮುಸ್ ಇ ಇನುಸ್’, ಕೀರ್ತನೆಗಳು ಮತ್ತು ಸ್ತುತಿಗೀತೆಗಳು. ಸ್ವರಲಿಪಿ ಇರುವ ಆವೃತ್ತಿ 1868ರಲ್ಲಿ ಬಂತು. ಮುಂದೆ ಅವರ ಸಾಕುಮಗ ಜೊವಾಂವ್ ಗೋಮಿಸ್ ದ ರೋಷ ಅದನ್ನು ದೊಡ್ಡದು ಮಾಡಿದರು. ಬ್ರೆಜಿಲಿನ ಪ್ರೊಟೆಸ್ಟಂಟರು ಹಾಡಲು ಕಲಿತದ್ದೇ ಈ ಪುಸ್ತಕದಿಂದ.

1890ರಲ್ಲಿ ರಾಜ್ಯ ಬೇರೆ, ಧರ್ಮ ಬೇರೆ ಎಂದಾಯಿತು. ಮರುವರ್ಷವೇ ರೆಸೀಫಿ ನಗರದಲ್ಲಿ ಸಾಲೊಮಾಂವ್ ಗಿನ್ಸ್‌ಬರ್ಗ್ ಎಂಬ ಮಿಷನರಿ 16 ಹಾಡುಗಳ ‘ಕಾಂತೋರ್ ಕ್ರಿಸ್ತಾಂವ್’ ಅಚ್ಚು ಹಾಕಿಸಿದರು. ಅದು ಬೆಳೆದು ಬೆಳೆದು ಬ್ಯಾಪ್ಟಿಸ್ಟರ ಹಾಡುಪುಸ್ತಕವಾಯಿತು. ‘ನೊಯ್ಚಿ ಜಿ ಪಾಸ್’ ಇರುವುದು ಅದರಲ್ಲಿ.

‘ನೊಯ್ಚಿ ಫೆಲಿಸ್’ ಬಂದದ್ದು ಬೇರೆ ದಾರಿಯಿಂದ. ಅದನ್ನು ಬರೆದ ಫ್ರಾನ್ಸಿಸ್ಕನ್ ಸನ್ಯಾಸಿ ಪೇದ್ರು ಸಿನ್‌ಜಿಗ್ ಹುಟ್ಟಿದ್ದು 1876ರಲ್ಲಿ, ಜರ್ಮನಿಯ ರೈನ್ ನದಿ ದಂಡೆಯ ಲಿನ್ಸ್‌ನಲ್ಲಿ. ಹದಿಹರೆಯ ಮುಗಿಯುವ ಮೊದಲೇ ಬ್ರೆಜಿಲಿಗೆ ಬಂದರು. ಸಂಗೀತಗಾರ, ಪತ್ರಕರ್ತ, ಕಾದಂಬರಿಕಾರ, ಎಲ್ಲವೂ ಹೌದು. ಹಾಡಿಗೆ ಸಾಮಾನ್ಯವಾಗಿ 1912 ಎಂಬ ವರ್ಷ ಕೊಡುತ್ತಾರೆ. ಆಗ ಪೂಜೆ ಲ್ಯಾಟಿನಿನಲ್ಲಿ. ಹತ್ತನೇ ಪಯಸ್ ಪೋಪ್ 1903ರಲ್ಲಿ ಚರ್ಚ್ ಸಂಗೀತದ ನಿಯಮಗಳನ್ನು ಇನ್ನೂ ಬಿಗಿ ಮಾಡಿದ್ದರು. ಆ ಸುಧಾರಣೆಯ ಪರವಾಗಿ ಸಿನ್‌ಜಿಗ್ ಜೋರಾಗಿಯೇ ವಾದಿಸುತ್ತಿದ್ದರು. ಅವರು ಬರೆದದ್ದರಲ್ಲಿ ಜನರ ಬಾಯಲ್ಲಿ ಉಳಿದದ್ದು ಮಾತ್ರ ಗೋದಲಿ ಮುಂದೆ ನಿಂತು ಜನಭಾಷೆಯಲ್ಲಿ ಹಾಡುವ ಈ ಹಾಡು. ತಮಾಷೆ ಅಲ್ವಾ?

ಈಗ ಹಾಡಿನ ಒಳಗೆ ನೋಡೋಣ. ಮೊದಲ ನಾಲ್ಕು ಸ್ವರ ನಮ್ಮ ಲೆಕ್ಕದಲ್ಲಿ ಪ-ದ-ಪ-ಗ. ಜರ್ಮನ್ ಮೂಲದ ಮೊದಲ ಮಾತು ‘ಷ್ಟಿಲ್ಲೆ ನಾಖ್ಟ್’ನಲ್ಲಿ ಇರುವುದು ಮೂರೇ ಅಕ್ಷರ. ಹಾಗಾಗಿ ‘ಷ್ಟಿಲ್’ ಅನ್ನು ಪ-ದ ಎರಡರ ಮೇಲೂ ಎಳೆಯಬೇಕು. ಪೋರ್ಚುಗೀಸಿನ ‘ನೊಯ್-ಚಿ-ಫೆ-ಲಿಸ್’ ನಾಲ್ಕು ಅಕ್ಷರ, ನಾಲ್ಕು ಸ್ವರ. ಎಳೆತ ಹೋಗಿ ಹಾಡು ಮಾತಿಗೆ ಹತ್ತಿರವಾಯಿತು. ‘ನೊಯ್-ಚಿ-ಜಿ-ಪಾಸ್’ ಕೂಡ ಹಾಗೆಯೇ.

ಇನ್ನೊಂದು ತೊಡಕು ಸಾಲಿನ ಕೊನೆಯದು. ಪೋರ್ಚುಗೀಸ್ ಪದಗಳಲ್ಲಿ ಒತ್ತು ಜಾಸ್ತಿ ಬೀಳುವುದು ಕೊನೆಯಿಂದ ಎರಡನೇ ಅಕ್ಷರಕ್ಕೆ. ಈ ರಾಗದ ಸಾಲುಗಳೋ ಗಟ್ಟಿ ಅಕ್ಷರದಲ್ಲೇ ಮುಗಿಯಬೇಕು. ಹಾಗಾಗಿ ಕೊನೆಯಲ್ಲಿ ಒತ್ತಿರುವ ಪದಗಳನ್ನೇ ಹುಡುಕಬೇಕು: ಅಮೋರ್ (ಪ್ರೀತಿ), ಪಾಸ್ (ಶಾಂತಿ), ಲೂಸ್ (ಬೆಳಕು), ಜೆಜೂಸ್ (ಯೇಸು), ಬೆಲೇಮ್ (ಬೆತ್ಲೆಹೆಮ್). ಎರಡೂ ಹಾಡುಗಳ ಸಾಲುಗಳು ಹೆಚ್ಚುಕಮ್ಮಿ ಈ ಪದಗಳ ಸುತ್ತಲೇ ಮುಗಿಯುತ್ತವೆ. ಒಬ್ಬರು ಇನ್ನೊಬ್ಬರದ್ದನ್ನು ನೋಡಿ ಬರೆದರು ಎಂದು ಅನುಮಾನಿಸುವವರು ಇದನ್ನು ಗಮನಿಸಬೇಕು. ಸಿಗುವ ಪದಗಳೇ ಕಡಿಮೆ.

ಬೆಲೆಯನ್ನೂ ತೆತ್ತಿದ್ದಾರೆ. ಮೋರ್ ಬರೆದ ಗುಂಗುರು ಕೂದಲಿನ ಮಗು ಎರಡೂ ಕಡೆ ಮಾಯ. ಸಿನ್‌ಜಿಗ್ ಆ ಜಾಗದಲ್ಲಿ ‘ಪೊಬ್ರೆಜೀನ್ಯು’ ಎಂದರು. ಬಡಪಾಯಿ ಕಂದ ಎಂದರ್ಥ, ಬಡತನವನ್ನೇ ವ್ರತ ಮಾಡಿಕೊಂಡ ಸನ್ಯಾಸಿಗೆ ಸಹಜವಾಗಿ ಬರುವ ಮಾತು. ಬ್ಯಾಪ್ಟಿಸ್ಟರ ಹಾಡು ಮಗುವಿಗಿಂತ ಜಾಸ್ತಿ ನಕ್ಷತ್ರದ ಕಡೆ ನೋಡುತ್ತದೆ. ನಿಷ್ಠೆ ಅಳೆಯಲು ಹೊರಟರೆ ಎರಡೂ ಸೋಲುತ್ತವೆ. ಹಾಡಿ ನೋಡಿದರೆ ಎರಡೂ ಗೆಲ್ಲುತ್ತವೆ.

1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆಯೂ ಜನಭಾಷೆಗೆ ಬಂತು. ‘ನೊಯ್ಚಿ ಫೆಲಿಸ್’ ಚರ್ಚಿನ ಒಳಗೂ ಹೊರಗೂ ಎಲ್ಲರದ್ದಾಯಿತು. ಎಲ್ಲರದ್ದಾದ ಮೇಲೆ ಬರೆದವರ ನೆನಪು ಯಾರಿಗೆ? ಗ್ರೂಬರ್ ಪಾಡು ಸಿನ್‌ಜಿಗ್‌ಗೂ ಬಂತು.

ಸಿನ್‌ಜಿಗ್ 1952ರಲ್ಲಿ ತೀರಿಕೊಂಡರು. ಬ್ರೆಜಿಲಿನ ಕಾನೂನಿನಲ್ಲಿ ಲೇಖಕ ತೀರಿದ ಮೇಲೆ 70 ವರ್ಷ ಹಕ್ಕು ಉಳಿಯುತ್ತದೆ. ಆ ಲೆಕ್ಕದಲ್ಲಿ 2023ರಿಂದ ಈ ಸಾಲುಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಅದೇ 1998ರ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ: ಹಕ್ಕಿನ ಅವಧಿ ಮುಗಿದ ಕೃತಿಗೂ ಬರೆದವರ ಹೆಸರನ್ನು ಕಾಪಾಡುವುದು ಸರ್ಕಾರದ ಹೊಣೆ. ಹಾಡಿನ ಹಾಳೆಯ ಕೆಳಗೆ ಮೋರ್, ಗ್ರೂಬರ್ ಜೊತೆ ಅನುವಾದಕರಿಗೂ ಒಂದು ಸಾಲು ಹಿಡಿಸುತ್ತದೆ.